ಗುಡ್ಡ ಸುಟ್ಟ ಮೇಲೆ ಉಳಿಯುವುದೇನು?

ಫೆಬ್ರವರಿ ಬಂತೆಂದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಮಂಚೇನಹಳ್ಳಿ ಸುತ್ತಲಿನ ಗುಡ್ಡಗಳಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು, ಬೆಂಕಿ ಹತ್ತುತ್ತದೆ. ಕುರಿ-ದನಗಳಿಗೆ ಎಳೆ ಹುಲ್ಲು ಬರಲೆಂದು ಹಚ್ಚುವುದೂ ಉಂಟು. ಮಳೆ ಬಿದ್ದ ಮೇಲೆ ಎಲ್ಲ ಹಸಿರಾಗುವುದರಿಂದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಆ ಹಸಿರಿನಲ್ಲಿ ಯಾವ ಗಿಡ ಉಳಿದಿದೆ, ಯಾವುದು ಹೋಗಿದೆ ಎಂದು ನೋಡಿದರೆ ಮಾತ್ರ ತಿಳಿಯುತ್ತದೆ.

ಸುಟ್ಟರೂ ಬದುಕುವ ಗಿಡಗಳು

ಹುಲ್ಲು ಚಿಗುರುವುದು ಬುಡದಿಂದ. ಮೇಲಿನ ಗರಿ ಸುಟ್ಟರೂ ಬುಡ ಜೀವ ಹಿಡಿದಿರುತ್ತದೆ. ಈಚಲಿನ ಸುಳಿಯನ್ನು ಹಳೆಯ ಗರಿಗಳ ಬುಡಗಳು ಕಾಯುತ್ತವೆ. ಬಂದರಿಕೆ ಬೀಜದ ಗಟ್ಟಿ ಸಿಪ್ಪೆಯೊಳಗೆ ನೀರು ಇಳಿಯದು. ಬಿಸಿ ತಾಗಿದರೆ ಸಿಪ್ಪೆ ಸಡಿಲಗೊಂಡು ಬೀಜ ಮಳೆಗೆ ಮೊಳೆಯುತ್ತದೆ. ಮರದ ಎಳೆಯ ಸಸಿಗೆ ಇಂಥ ರಕ್ಷಣೆಯಿಲ್ಲ. ಅದರ ತೊಗಟೆ ದಪ್ಪವಾಗಲು ಬೆಂಕಿಯಿಲ್ಲದ ಹಲವು ವರ್ಷ ಬೇಕು. ವರ್ಷವರ್ಷವೂ ಸುಟ್ಟರೆ ಹುಲ್ಲು, ಪೊದೆ ಉಳಿಯುತ್ತವೆ. ಹೊಸ ಮರ ಏಳುವುದಿಲ್ಲ.

ನೆಲವೇ ಉರಿಯುವ ಕಡೆ

ಅಮೆರಿಕದ ಉತ್ತರ ಕೆರೊಲಿನಾ ಕರಾವಳಿಯಲ್ಲಿ ‘ಪೊಕೋಸಿನ್’ ಎಂಬ ಪೊದೆಗಾಡಿನ ಜೌಗು ನೆಲವಿದೆ. ಅಲ್ಲಿ ಎಲೆ, ಬೇರು ನೀರಿನಲ್ಲಿ ಮುಳುಗಿ ಪೂರ್ತಿ ಕೊಳೆಯದೆ, ‘ಪೀಟ್’ ಎಂಬ ಕಪ್ಪು ಮಣ್ಣಾಗಿ ಶೇಖರವಾಗುತ್ತವೆ. ಅಲ್ಲಿನ ಒಂದು ಜಾತಿಯ ಪೈನ್ ಮರದ ಕಾಯಿಗಳು ಅಂಟಿನಿಂದ ಮುಚ್ಚಿಕೊಂಡಿದ್ದು, ಬೆಂಕಿಯ ಕಾವಿಗೆ ಬಿರಿಯುತ್ತವೆ. ನೆಲ ನೆನೆದಿರುವವರೆಗೆ ಬೆಂಕಿ ಮೇಲೆ ಹಾದುಹೋಗುತ್ತದೆ. ಕಾಲುವೆ ತೋಡಿ ನೀರು ಬಸಿದರೆ ಪೀಟ್ ಮಣ್ಣೇ ಉರುವಲಾಗುತ್ತದೆ. 2008ರ ಜೂನ್‌ನಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ ಸುಮಾರು 40,000 ಎಕರೆಗೆ ಹಬ್ಬಿ, ನೆಲದೊಳಗೆ ತಿಂಗಳುಗಟ್ಟಲೆ ಹೊಗೆಯಾಡಿತು. ಈಗ ಕಾಲುವೆಗಳಿಗೆ ತಡೆ ಹಾಕಿ ನೀರು ನಿಲ್ಲಿಸುತ್ತಿದ್ದಾರೆ.

ನಮ್ಮ ಕೆರೆಗಳ ಅಂಗಳ ಬೇಸಿಗೆಗೆ ಒಣಗುವುದರಿಂದ ಎಲೆ-ಕಸ ಗಾಳಿಗೆ ಕೊಳೆತು ಹೋಗುತ್ತದೆ, ಪೀಟ್ ಕಟ್ಟುವುದಿಲ್ಲ. ಇಲ್ಲಿ ಬೆಂಕಿಯ ಪೆಟ್ಟು ಬೀಳುವುದು ಇಳಿಜಾರಿನ ಮೇಲೆ. ಹುಲ್ಲು, ತರಗು ಸುಟ್ಟು ಬೋಳಾದ ಮಣ್ಣಿಗೆ ಮೊದಲ ಮಳೆಯ ಹನಿ ನೇರ ಬಡಿಯುತ್ತದೆ. ನೀರು ಇಂಗದೆ ಓಡುತ್ತದೆ; ಬೂದಿಯೂ ಮೇಲ್ಮಣ್ಣೂ ಹಳ್ಳ ಸೇರಿ ಕೆರೆಯಲ್ಲಿ ಹೂಳಾಗುತ್ತವೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಮತ್ತು ಕೊಳವೆಬಾವಿ ನಂಬಿದ ಜಿಲ್ಲೆಗೆ ಇದು ದೊಡ್ಡ ನಷ್ಟ.

ಹೊತ್ತು ತಪ್ಪಿದ ಬೆಂಕಿ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ‘ತರಗು ಬೆಂಕಿ’ ಹಾಕುತ್ತಿದ್ದರು. ನೆಲದ ತೇವ ಪೂರ್ತಿ ಆರಿರದ ಆ ಹೊತ್ತಿನಲ್ಲಿ ಉರಿ ತಗ್ಗಾಗಿರುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಬಳಿಕ ಆ ಪದ್ಧತಿ ನಿಂತಿತು. ಲಂಟಾನ ಕಳೆ ಹಬ್ಬಲು ಅದೂ ಕಾರಣವೆಂದು ಸೋಲಿಗರು ಹೇಳುತ್ತಾರೆ. ತರಗು ಬೆಂಕಿ ಆ ಕಾಡಿನ ಒಳಗುಟ್ಟು ಬಲ್ಲವರ ಕೆಲಸ. ಒಣಗಿದ ಗುಡ್ಡಕ್ಕೆ ಏಪ್ರಿಲ್‌ನಲ್ಲಿ ಕಡ್ಡಿ ಗೀರುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ನಾವು ಮಾಡಬಹುದಾದದ್ದು

• ಹುಲ್ಲನ್ನು ಸುಡುವ ಬದಲು, ಅನುಮತಿ ಇರುವಲ್ಲಿ ಬೇಸಿಗೆಗೆ ಮುಂಚೆ ಕೊಯ್ದು ಮೇವಿಗೆ ತನ್ನಿ.
• ಗುಡ್ಡಕ್ಕೆ ತಾಗಿದ ಹೊಲದ ಬದುವಿನ ಒಣ ಕಸವನ್ನು ಜನವರಿಯೊಳಗೆ ತೆಗೆಯಿರಿ. ಅಲ್ಲೇ ಸುಡಬೇಡಿ, ಗೊಬ್ಬರದ ಗುಂಡಿಗೆ ಹಾಕಿ.
• ಹೊಗೆ ಕಂಡ ಕೂಡಲೇ ಅರಣ್ಯ ಸಹಾಯವಾಣಿ 1926 ಅಥವಾ 112ಕ್ಕೆ ಕರೆ ಮಾಡಿ. ಉರಿಯ ಮೇಲ್ಬದಿಗೆ ಹೋಗಬೇಡಿ. ಬೆಂಕಿ ಏರಿನಲ್ಲಿ ವೇಗವಾಗಿ ಹತ್ತುತ್ತದೆ.
• ಸುಟ್ಟ ಗುಡ್ಡದಲ್ಲಿ ಮೊದಲ ಮಳೆಗಾಲ ಮೇಯಿಸಬೇಡಿ. ಚಿಗುರು ಬೇರೂರಿದರೆ ಮಣ್ಣು ಗುಡ್ಡದಲ್ಲೇ ನಿಲ್ಲುತ್ತದೆ, ಮಳೆ ನೀರೂ ಅಲ್ಲೇ ಇಂಗುತ್ತದೆ.