ಎಚ್.ಐ.ವಿ.ಯನ್ನು ಅಂಕೆಯಲ್ಲಿಡುವ ಬಗೆ

ಈ ಶತಮಾನದ ಮೊದಲ ದಶಕದಲ್ಲಿ ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳು ಹೊಸಪೇಟೆಯ ರಸ್ತೆಗಳಲ್ಲಿ ಹಗಲಿರುಳೂ ಸಾಲುಗಟ್ಟುತ್ತಿದ್ದುದನ್ನು ಆ ಸೀಮೆಯವರು ಮರೆತಿರಲಾರರು. ಮನೆಮಠಗಳಿಂದ ದೂರದಲ್ಲಿ ದುಡಿಯುವ ಗಂಡಸರು, ಬಡತನದಿಂದಲೋ ದೇವದಾಸಿಯೆಂಬ ಹಳೆಯ ಪದ್ಧತಿಯಿಂದಲೋ ಮೈಮಾರಿ ಬದುಕಬೇಕಾಗಿ ಬಂದ ಹೆಂಗಸರು, ಇವರು ಸಂಧಿಸುವೆಡೆಯಲ್ಲಿ ಎಚ್.ಐ.ವಿ. ಎಂಬ ವೈರಸ್ಸಿಗೆ ದಾರಿ ಸುಗಮವಾಗುತ್ತದೆ. 2021ರವರೆಗೆ ಹೊಸಪೇಟೆಯು ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ, 2003ರಲ್ಲಿ ಸ್ಥಾಪಿತವಾದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಆ ಹೆಂಗಸರಲ್ಲಿಯೇ ಕೆಲವರನ್ನು ಶಿಕ್ಷಕಿಯರನ್ನಾಗಿ ಮಾಡಿ ಕಾಂಡೋಮಿನ ಬಳಕೆಯನ್ನು ಹರಡಿತು. ಲಾರಿಯವರನ್ನೋ ಆ ಹೆಂಗಸರನ್ನೋ ದೂರುವುದು ಸುಲಭ. ಆದರೆ ವೈರಸ್ಸು ಕಸಬನ್ನು ನೋಡಿ ಅಂಟುವುದಿಲ್ಲ. ಮನೆಬಿಟ್ಟು ಹೊರಗೆ ಹೋಗದ ಗೃಹಿಣಿಯರಿಗೂ, ಅವರ ಕೂಸುಗಳಿಗೂ ಅದು ತಗಲಿದೆ.

ಹೀಗೆ ಸೋಂಕು ತಗಲಿದವರು ಆರೋಗ್ಯವಾಗಿ ಬಾಳಬಲ್ಲರೆ? ತಮ್ಮವರಿಗೆ ಅದನ್ನು ಅಂಟಿಸದೆ ಇರಬಲ್ಲರೆ? ಎರಡಕ್ಕೂ ಇಂದು ವಿಜ್ಞಾನವು ಹೌದೆಂದು ಉತ್ತರ ಕೊಡುತ್ತದೆ. ಎರಡು ಉತ್ತರಗಳೂ ಒಂದೇ ಮಾತ್ರೆಯಲ್ಲಿ ಅಡಗಿರುವುದು ವಿಶೇಷ.

ಈ ವೈರಸ್ಸು ರಕ್ತ, ವೀರ್ಯ, ಯೋನಿದ್ರವ, ಎದೆಹಾಲುಗಳ ಮೂಲಕ ಹರಡುತ್ತದೆ. ಒಟ್ಟಿಗೆ ಉಣ್ಣುವುದರಿಂದಾಗಲಿ, ಬೆವರಿನಿಂದಾಗಲಿ, ಸೊಳ್ಳೆಯ ಕಡಿತದಿಂದಾಗಲಿ ಹರಡದು. ದೇಹದ ರಕ್ಷಣೆಗೆ ನಾಯಕನಂತಿರುವ ಸಿಡಿ4 ಎಂಬ ಬಿಳಿಯ ರಕ್ತಕಣವನ್ನೇ ಅದು ಹೊಕ್ಕು, ತನ್ನ ಆರ್.ಎನ್.ಎ. ಲಿಪಿಯನ್ನು ಡಿ.ಎನ್.ಎ. ಲಿಪಿಗೆ ಪ್ರತಿಮಾಡಿಕೊಳ್ಳುತ್ತದೆ. ಇಂತಹ ತಿರುಗುಮುರುಗಿನ ನಕಲನ್ನು ಮಾಡುವ ಕಿಣ್ವವನ್ನು ಟೆಮಿನ್ ಮತ್ತು ಬಾಲ್ಟಿಮೋರ್ ಎಂಬವರು 1970ರಲ್ಲಿ, ಬೇರೆ ವೈರಸ್ಸುಗಳಲ್ಲಿ, ಪ್ರತ್ಯೇಕವಾಗಿ ಕಂಡುಹಿಡಿದಿದ್ದರು. ಅನಂತರ ಇಂಟಿಗ್ರೇಸ್ ಎಂಬ ಮತ್ತೊಂದು ಕಿಣ್ವವು ಆ ಪ್ರತಿಯನ್ನು ನಮ್ಮ ಕಣದ ಡಿ.ಎನ್.ಎ.ಯೊಳಗೇ ಹೆಣೆದುಬಿಡುತ್ತದೆ. ಚಿಕಿತ್ಸೆಯಿಲ್ಲದ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್ಸುಗಳು ಹುಟ್ಟುತ್ತವೆ. ನಕಲಿನಲ್ಲಿ ತಪ್ಪುಗಳು ಹೇರಳ. ಆದಕಾರಣ ಯಾವುದೊಂದೇ ಔಷಧಿಯನ್ನು ಕೊಟ್ಟರೂ ಅದಕ್ಕೆ ಬಗ್ಗದ ತಳಿಯೊಂದು ಬೇಗನೆ ತಲೆಯೆತ್ತುತ್ತದೆ.

ಅದಕ್ಕಾಗಿಯೇ ಒಂದು ಮಾತ್ರೆಯಲ್ಲಿ ಮೂರು ಔಷಧಿಗಳು. ಟೆನೋಫೋವಿರ್, ಲ್ಯಾಮಿವುಡಿನ್ ಎಂಬೆರಡು ಹುಸಿ ಕೊಂಡಿಗಳಾಗಿ ಡಿ.ಎನ್.ಎ. ಸರಪಳಿಯೊಳಗೆ ಸೇರಿ ಅದು ಮುಂದೆ ಬೆಳೆಯದಂತೆ ಮಾಡುತ್ತವೆ. ಡೊಲುಟೆಗ್ರಾವಿರ್ ಇಂಟಿಗ್ರೇಸನ್ನು ತಡೆಯುತ್ತದೆ. ಮೂರಕ್ಕೂ ಏಕಕಾಲದಲ್ಲಿ ಬಗ್ಗದಿರುವ ತಳಿ ಹುಟ್ಟುವುದು ಬಹು ದುರ್ಲಭ. ನಮ್ಮ ದೇಶದಲ್ಲಿ ಸರಕಾರವು 2004ರ ಏಪ್ರಿಲಿನಿಂದ ಎಚ್.ಐ.ವಿ. ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸಿಡಿ4 ಕಣಗಳ ಎಣಿಕೆ ಎಷ್ಟೇ ಇರಲಿ, ಸೋಂಕು ತಿಳಿದೊಡನೆ ಚಿಕಿತ್ಸೆ ಆರಂಭವಾಗುತ್ತದೆ.

ಮಾತ್ರೆಯನ್ನು ತಪ್ಪದೆ ನುಂಗುವವರಲ್ಲಿ ಸಾಮಾನ್ಯವಾಗಿ ಆರು ತಿಂಗಳೊಳಗೆ ವೈರಸ್ಸು ರಕ್ತಪರೀಕ್ಷೆಗೂ ಸಿಕ್ಕದಷ್ಟು ಇಳಿಯುತ್ತದೆ. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 1763 ಜೋಡಿಗಳನ್ನು ಒಂಬತ್ತು ದೇಶಗಳಲ್ಲಿ ಪರೀಕ್ಷಿಸಲಾಯಿತು. ಪುಣೆ, ಚೆನ್ನೈಗಳೂ ಅದರಲ್ಲಿ ಸೇರಿದ್ದುವು. ಬೇಗನೆ ಚಿಕಿತ್ಸೆ ಆರಂಭಿಸಿದರೆ ಸಂಗಾತಿಗೆ ಅಂಟುವುದು ನೂರಕ್ಕೆ 96ರಷ್ಟು ತಗ್ಗುವುದೆಂದು 2011ರಲ್ಲಿ ತಿಳಿದುಬಂತು. ವೈರಸ್ಸು ಸಂಪೂರ್ಣ ಅಂಕೆಯಲ್ಲಿರುವವರಿಂದ ಸಂಭೋಗದ ಮೂಲಕ ಅದು ಹರಡುವುದೇ ಇಲ್ಲವೆಂದು ಮುಂದಿನ ಪರಿಶೋಧನೆಗಳು ಸ್ಥಿರಪಡಿಸಿದುವು. ರಕ್ತದಾನಕ್ಕೂ, ಸೂಜಿಯ ಹಂಚಿಕೆಗೂ ಈ ಮಾತು ಅನ್ವಯಿಸದು. ಪರೀಕ್ಷೆಯು ಖಚಿತಪಡಿಸುವವರೆಗೆ ಕಾಂಡೋಮ್ ಅವಶ್ಯ. ಇತರ ಗುಹ್ಯರೋಗಗಳ ತಡೆಗೆ ಅನಂತರವೂ ಅದು ಬೇಕು.

ವೈರಸ್ಸು ಕಾಣದಿದ್ದಮೇಲೆ ಮಾತ್ರೆಯೇಕೆ ಎಂದು ಕೇಳುವವರುಂಟು. ಕಂಪ್ಲಿಯ ಭತ್ತದ ಗದ್ದೆಯನ್ನು ನೋಡಿರಿ. ರೈತನು ಕಳೆಯನ್ನೆಲ್ಲ ಕಿತ್ತು ಗದ್ದೆಯನ್ನು ಹಸನು ಮಾಡಿರುತ್ತಾನೆ. ಆದರೆ ಕಳೆಯ ಬೀಜಗಳು ಮಣ್ಣಿನಲ್ಲಿ ಮಲಗಿರುತ್ತವೆ. ಕಾಲುವೆಗೆ ನೀರು ಬಿಟ್ಟೊಡನೆ ಮತ್ತೆ ಮೊಳಕೆ! ನಿದ್ರಾವಸ್ಥೆಯಲ್ಲಿರುವ ಕೆಲವು ರಕ್ತಕಣಗಳ ಡಿ.ಎನ್.ಎ.ಯಲ್ಲಿ ವೈರಸ್ಸೂ ಹೀಗೆಯೇ ಅಡಗಿದೆ. ಔಷಧಿ ನಿಂತರೆ ಕೆಲವೇ ವಾರಗಳಲ್ಲಿ ಅದು ಮರಳುತ್ತದೆ. ಆಗೊಮ್ಮೆ ಈಗೊಮ್ಮೆ ನುಂಗುವುದಂತೂ ಬಗ್ಗದ ತಳಿಗೆ ಅನುಕೂಲಮಾಡಿಕೊಟ್ಟಂತೆ. ದುಡಿಮೆಗಾಗಿ ಊರು ಬಿಡುವವರು ಚಿಕಿತ್ಸಾಕೇಂದ್ರಕ್ಕೆ ಮುಂಚಿತವಾಗಿ ತಿಳಿಸಿ, ಬೇಕಾದಷ್ಟು ದಿನಗಳ ಮಾತ್ರೆಯನ್ನು ಕೇಳಿ ಪಡೆಯಬೇಕು. ನೆರೆಯವರು ಕಂಡಾರೆಂಬ ಅಂಜಿಕೆಯಿಂದ ಮಾತ್ರೆಯನ್ನು ಬಚ್ಚಿಟ್ಟು ಹೊತ್ತು ಮೀರಿಸುವವರೂ ಇದ್ದಾರೆ. ಈ ಅಂಜಿಕೆಯು ರೋಗಿಯ ತಪ್ಪೆಂದು ನಾವು ಹೇಳಲಾರೆವು. 2017ರ ಶಾಸನವು ರೋಗಿಯ ಗುಟ್ಟನ್ನು ಬಯಲುಮಾಡುವುದನ್ನೂ, ಕೆಲಸ, ಶಾಲೆ, ಚಿಕಿತ್ಸೆಗಳಲ್ಲಿ ಭೇದವೆಣಿಸುವುದನ್ನೂ ನಿಷೇಧಿಸಿದೆ.

ಸಂಡೂರಿನ ಮಣ್ಣಿನಲ್ಲಿ ತುಂಬಿರುವ ಕಬ್ಬಿಣಕ್ಕೂ ಈ ಮಾತ್ರೆಗೂ ಒಂದು ವಿಚಿತ್ರ ಸಂಬಂಧವಿದೆ. ಡೊಲುಟೆಗ್ರಾವಿರ್ ಇಂಟಿಗ್ರೇಸನ್ನು ತಡೆಯುವುದು ಅದರೊಳಗಿನ ಮೆಗ್ನೀಸಿಯಮ್ ಅಯಾನುಗಳನ್ನು ಹಿಡಿದುಕೊಂಡು. ಲೋಹವನ್ನು ಹಿಡಿಯುವ ಈ ಗುಣದಿಂದಲೇ ಅದು ಹೊಟ್ಟೆಯಲ್ಲಿ ಕಬ್ಬಿಣ, ಸುಣ್ಣ, ಅಲ್ಯೂಮಿನಿಯಮ್‌ಗಳಿಗೂ ಅಂಟಿಕೊಂಡು ರಕ್ತಕ್ಕೆ ಸೇರದೆ ಹೋಗಬಹುದು. ಆದುದರಿಂದ ಬಸುರಿಯರು ನುಂಗುವ ಕಬ್ಬಿಣದ ಮಾತ್ರೆಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆಯ ನಂತರ ಇದನ್ನು ಸೇವಿಸಬೇಕು. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಹೊಟ್ಟೆಯುರಿಯ ಕೆಲವು ಔಷಧಿಗಳಿಗೂ ಗಂಟೆಗಳ ಈ ಅಂತರ ಬೇಕು. ಅಲ್ಲಿ ಊಟದ ವಿನಾಯಿತಿಯಿಲ್ಲ. ಕ್ಷಯದ ಔಷಧಿಯಾದ ರಿಫಾಂಪಿಸಿನ್ ಡೊಲುಟೆಗ್ರಾವಿರನ್ನು ಬೇಗ ಕರಗಿಸುವುದರಿಂದ ವೈದ್ಯರು ಅದರ ಇನ್ನೊಂದು ಪಾಲನ್ನು ಹೆಚ್ಚಾಗಿ ಕೊಡುತ್ತಾರೆ. ಎಚ್.ಐ.ವಿ. ಇದ್ದವರಿಗೆ ಕ್ಷಯವೇ ದೊಡ್ಡ ವೈರಿ. ಕೆಮ್ಮು, ಜ್ವರ, ತೂಕದ ಇಳಿತ ಕಂಡರೆ ತಡಮಾಡಬಾರದು.

ಚಿಕಿತ್ಸೆಯಿಲ್ಲದ ತಾಯಿಯಿಂದ ಕೂಸಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಚಿಕಿತ್ಸೆಯಿಂದ ಅದು 5ಕ್ಕಿಂತಲೂ ಕೆಳಗಿಳಿಯುತ್ತದೆ. ಹುಟ್ಟಿದ ಮಗುವಿಗೂ ಕೆಲವು ವಾರ ಔಷಧಿಯನ್ನು ಕುಡಿಸುತ್ತಾರೆ. ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಬಹುಕಾಲ ಉಳಿದು ಸಾಧಾರಣ ಪರೀಕ್ಷೆಯನ್ನು ದಾರಿತಪ್ಪಿಸುವುದರಿಂದ ಮೊದಲು ಆರನೆಯ ವಾರದಲ್ಲಿ ವೈರಸ್ಸಿನ ಲಿಪಿಯನ್ನೇ ಹುಡುಕುತ್ತಾರೆ. ಕಡೆಯ ನಿರ್ಣಯವಾಗುವುದು ಮಗುವಿಗೆ ಹದಿನೆಂಟು ತಿಂಗಳು ತುಂಬಿದ ಮೇಲೆ.