ಆಪರೇಷನ್ ಆಯ್ತಲ್ಲ, ಈಗ ಕೇಳಿಸುತ್ತಾ?

ಸೋರುವ ಕಿವಿ ನೋಯುವುದಿಲ್ಲ. ನೆಗಡಿಯಾದ ಮಗು ರಾತ್ರಿಯೆಲ್ಲ ಕಿವಿ ಹಿಡಿದುಕೊಂಡು ಅಳುತ್ತದೆ. ಬೆಳಗಿನ ಜಾವ ನೋಡಿದರೆ ದಿಂಬಿನ ಮೇಲೆ ಕೀವು, ಮಗುವಿಗೆ ಗಾಢ ನಿದ್ದೆ. ಸದ್ಯ, ಕಡಿಮೆಯಾಯಿತಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ನೋವು ಕಡಿಮೆಯಾದದ್ದು ಕಿವಿತಮಟೆ ಹರಿದು ಒಳಗೆ ಕಟ್ಟಿಕೊಂಡಿದ್ದ ಒತ್ತಡ ಹೊರಬಂದದ್ದರಿಂದ. ಬಹುಪಾಲು ಮಕ್ಕಳಲ್ಲಿ ಆ ತೂತು ಕೆಲವು ವಾರಗಳಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳದೆ ಉಳಿದವರಲ್ಲಿ ನಾನೊಬ್ಬಳು.

ಹೊಳೆನರಸೀಪುರದಲ್ಲಿ ನಮ್ಮದು ಕಿರಾಣಿ ಅಂಗಡಿ. ಯಜಮಾನರು ಮಾಲು ತರಲು ಹಾಸನಕ್ಕೆ ಹೋದರೆ ಗಲ್ಲಾದಲ್ಲಿ ನಾನು ಕೂರುತ್ತೇನೆ. ಎಡಗಿವಿ ಸೋರಲು ಶುರುವಾದಾಗ ಪ್ರೈಮರಿ ಶಾಲೆಯಲ್ಲಿದ್ದೆ. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಆಮೇಲೆ ಪಕ್ಕದ ಮನೆ ಬಾಣಂತಿಯ ಎದೆಹಾಲು, ಹಿತ್ತಲಿನ ತುಂಬೆ ಸೊಪ್ಪಿನ ರಸ. ಕೀವು ಒರೆಸುವುದಕ್ಕೆ ಕೋಳಿ ಪುಕ್ಕ. ಇದರಲ್ಲೆಲ್ಲ ಅಕ್ಕರೆಗೇನೂ ಕಮ್ಮಿಯಿರಲಿಲ್ಲ. ಆದರೆ ತಮಟೆಯಲ್ಲಿ ತೂತಿದ್ದರೆ ಬಿಟ್ಟ ಎಣ್ಣೆಯೂ ರಸವೂ ಅದರಲ್ಲಿರುವ ಕೊಳೆಯ ಸಮೇತ ನೇರವಾಗಿ ನಡುಗಿವಿಗೆ ಇಳಿಯುತ್ತವೆ. ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿಗೆ ಕೇಳಿ ತರುವ ಡ್ರಾಪ್ಸ್ ಕೂಡ ಅಷ್ಟೇ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ತೂತಿನಿಂದ ಇಳಿದು ಒಳಗಿವಿಯ ನರಕ್ಕೇ ಪೆಟ್ಟು ಕೊಡಬಲ್ಲವು. ಮದ್ದು ಬಿಟ್ಟ ಮೇಲೆ ನನ್ನ ಕಿವಿ ಒಂದಷ್ಟು ದಿನ ಒಣಗುತ್ತಿತ್ತು, ನೆಗಡಿ ಹೋದಾಗ ಹೇಗೂ ಒಣಗುತ್ತದೆ. ಯಶಸ್ಸು ಮಾತ್ರ ಬೆಳ್ಳುಳ್ಳಿಗೆ ಹೋಗುತ್ತಿತ್ತು. ಮುಂದಿನ ಮಳೆಗಾಲಕ್ಕೋ ಹೇಮಾವತಿಯಲ್ಲಿ ಮುಳುಗು ಹಾಕಿದ ಮಾರನೇ ದಿನಕ್ಕೋ ಮತ್ತೆ ಹತ್ತಿಯುಂಡೆ.

ಸೋರುವುದಕ್ಕಿಂತ ವಾಸನೆಯ ಕಾಟ ಹೆಚ್ಚು. ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದವಳು ಬಾಯಿಬಿಟ್ಟು ಏನೂ ಹೇಳಲಿಲ್ಲ, ಒಂದು ದಿನ ಬೇರೆ ಬೆಂಚಿಗೆ ಹೋದಳು. ಹೆಣ್ಣು ನೋಡಲು ಬಂದಾಗ ನಮ್ಮ ಚಿಕ್ಕಮ್ಮ ಚಾಪೆಯನ್ನೇ ತಿರುಗಿಸಿ ಹಾಸಿದರು, ಗಂಡಿನ ಕಡೆಯವರೆಲ್ಲ ನನ್ನ ಬಲಕ್ಕೆ ಬರಲಿ ಅಂತ. ಯಜಮಾನರಿಗೆ ವಿಷಯ ಗೊತ್ತಾದದ್ದು ಮದುವೆಯಾದ ಮೇಲೆ. ಅವರು ಕೇಳಿದ್ದು ಒಂದೇ: "ಡಾಕ್ಟ್ರಿಗೆ ತೋರಿಸಿದ್ಯಾ?" ತೋರಿಸಿರಲಿಲ್ಲ. ನೋವಿಲ್ಲದ ಕಾಯಿಲೆಗೆ ನಮ್ಮಂಥವರ ಮನೆಯಲ್ಲಿ ಯಾರು ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆ? ಕಿವಿ ಸೋರಿಕೆ ಅತಿ ಹೆಚ್ಚಾಗಿರುವ ದೇಶಗಳ ಸಾಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲೇ ಭಾರತವನ್ನು ಹೆಸರಿಸಿತ್ತು. ಕಾರಣಗಳು ಹೊಸವೇನಲ್ಲ. ಇಕ್ಕಟ್ಟಾದ ಮನೆ, ಒಲೆಯ ಹೊಗೆ, ಮೇಲಿಂದ ಮೇಲೆ ನೆಗಡಿ, ಅರೆಹೊಟ್ಟೆ.

ನೆಗಡಿಗೂ ಕಿವಿಗೂ ಏನು ಸಂಬಂಧ ಎಂದು ನನಗೆ ತಿಳಿದದ್ದು ಇಎನ್‌ಟಿ ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಿವಿಯಿಂದ. ತಮಟೆಯ ಹಿಂದೆ ಒಂದು ಪುಟ್ಟ ಗಾಳಿಕೋಣೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಗೆ. ಮಕ್ಕಳಲ್ಲಿ ಈ ನಳಿಗೆ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುತ್ತದೆ, ಹಾಗಾಗಿ ಮೂಗಿನ ಸೋಂಕು ಸುಲಭವಾಗಿ ಕಿವಿಗೆ ಹತ್ತುತ್ತದೆ. ಕೋಣೆಯೊಳಗೆ ಒಂದಕ್ಕೊಂದು ತಗುಲಿಕೊಂಡ ಮೂರು ಎಲುಬುಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು. ಕೊನೆಯದು ದೇಹದ ಅತಿ ಚಿಕ್ಕ ಎಲುಬು, ಸುಮಾರು 3 ಮಿಲಿಮೀಟರ್. ತಮಟೆಯ ಅದುರನ್ನು ಇವು ಒಳಗಿವಿಗೆ ದಾಟಿಸುತ್ತವೆ.

ಸೋರುವ ಕಿವಿಯಲ್ಲಿ ಎರಡು ಬಗೆ. ತಮಟೆಯ ನಡುವೆ ತೂತಿದ್ದು ನೆಗಡಿ ಬಂದಾಗ ಲೋಳೆಯಾಗಿ, ಅಷ್ಟಾಗಿ ವಾಸನೆಯಿಲ್ಲದೆ ಸೋರುವುದು ಒಂದು ಬಗೆ. ಅದರಲ್ಲಿ ಜೀವಕ್ಕೆ ಅಪಾಯ ಕಡಿಮೆ. ಇನ್ನೊಂದು ಬಗೆಯಲ್ಲಿ ಸೋರುವುದು ಸ್ವಲ್ಪವೇ, ನಾತ ಮಾತ್ರ ತಡೆಯಲಾಗದು. ಅಲ್ಲಿ ತಮಟೆಯ ಮೇಲ್ಭಾಗ ಒಳಕ್ಕೆ ಸೇದಿಕೊಂಡು ಚೀಲವಾಗುತ್ತದೆ, ಚರ್ಮ ಉದುರಿಸುವ ಸತ್ತ ಪದರಗಳು ಹೊರಬರಲು ದಾರಿಯಿಲ್ಲದೆ ಈರುಳ್ಳಿಯ ಹಾಗೆ ಒಂದರೊಳಗೊಂದು ಸುತ್ತಿಕೊಂಡು ಬೆಳೆಯುತ್ತವೆ. ಇದಕ್ಕೆ ಕೊಲೆಸ್ಟಿಯಟೋಮ ಎನ್ನುತ್ತಾರೆ. ಹೆಸರು ಕೇಳಿ ನಾನು ಕ್ಯಾನ್ಸರ್ ಇರಬೇಕೆಂದು ನಡುಗಿದ್ದೆ. ಕ್ಯಾನ್ಸರ್ ಅಲ್ಲ, ಆದರೆ ಸುತ್ತಲ ಎಲುಬನ್ನು ತಿನ್ನುತ್ತದೆ. ಮೊದಲು ಆ ಪುಟ್ಟ ಎಲುಬುಗಳು ಹೋಗುತ್ತವೆ. ಆಮೇಲೆ ಮುಖದ ನರದ ಕವಚಕ್ಕೆ ಬಂದರೆ ಬಾಯಿ ಸೊಟ್ಟಗಾಗುತ್ತದೆ, ಮೇಲ್ಛಾವಣಿಗೆ ಬಂದರೆ ಅದರಾಚೆ ಇರುವುದು ಮಿದುಳು.

ನನ್ನದು ತಿಂದದ್ದು ಸಮತೋಲ ಕಾಯುವ ಅರೆವರ್ತುಲ ನಾಳದ ಗೋಡೆಯನ್ನು. ಒಂದು ಮಧ್ಯಾಹ್ನ ಕಿವಿ ನವೆಯಾಗಿ ಬೆರಳಿನಿಂದ ಒತ್ತಿದೆ, ಅಕ್ಕಿ ಮೂಟೆ, ಎಣ್ಣೆ ಡಬ್ಬ, ತಕ್ಕಡಿ ಎಲ್ಲವೂ ಗಿರ್ರನೆ ತಿರುಗಿದವು. ಬೆರಳು ತೆಗೆದರೆ ನಿಂತವು. ಮತ್ತೆ ಒತ್ತಿದೆ, ಮತ್ತೆ ತಿರುಗಿದವು. ಬಿಪಿ ಇರಬೇಕು ಅಂದರು ನಾದಿನಿ. ಇಎನ್‌ಟಿ ಡಾಕ್ಟರಿಗೆ ಹೇಳಿದಾಗ ಅವರೂ ತಮ್ಮ ಬೆರಳಿನಿಂದ ಕಿವಿ ಬಾಯಿಯನ್ನು ಒತ್ತಿ ನನ್ನ ಕಣ್ಣುಗುಡ್ಡೆಯನ್ನೇ ನೋಡಿದರು. ಗುಡ್ಡೆ ಪಟಪಟ ಓಡಿತಂತೆ. ಅಷ್ಟಕ್ಕೇ ಅವರಿಗೆ ರೋಗ ಎಲ್ಲಿಗೆ ಬಂದಿದೆ ಎಂದು ಗೊತ್ತಾಯಿತು, ಸ್ಕ್ಯಾನಿಂಗ್ ಆಮೇಲೆ ಅದನ್ನೇ ತೋರಿಸಿತು.

ಅದೇ ದಿನ ಒಂದು ಉಕ್ಕಿನ ಕವಲುಕಡ್ಡಿಯನ್ನು ಮೊಣಕೈಗೆ ಬಡಿದು ನನ್ನ ಹಣೆಯ ನಡುವೆ ಇಟ್ಟು, "ಯಾವ ಕಡೆ ಕೇಳಿಸುತ್ತಮ್ಮ?" ಎಂದರು. ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳಿಸಿತು. ಹೇಳಲು ನಾಚಿಕೆಯಾಯಿತು, ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಾರು ಅಂತ. ಅವರು ನಕ್ಕು, ಹಾಗೇ ಆಗಬೇಕು ಅಂದರು. ನರ ಚೆನ್ನಾಗಿದ್ದು ಶಬ್ದ ಹೋಗುವ ದಾರಿ ಮಾತ್ರ ಕೆಟ್ಟಿದ್ದರೆ, ಎಲುಬಿನ ಮೂಲಕ ಬಂದ ಶಬ್ದ ಆ ಕಡೆಯೇ ಹೆಚ್ಚು ಕೇಳುತ್ತದೆ. ನಮ್ಮ ಸ್ವಂತ ದನಿಯೂ ನಮಗೆ ದೊಡ್ಡದಾಗಿ ಕೇಳುವುದರಿಂದ ನಾವು ಮೆಲ್ಲಗೆ ಮಾತಾಡುತ್ತೇವೆ. ಕಿವಿ ಮಂದವಾದವರೆಲ್ಲ ಕಿರುಚಿ ಮಾತಾಡುತ್ತಾರೆ ಎಂಬುದು ನರ ಸೋತವರ ವಿಷಯ. ನನ್ನ ಮೆಲುದನಿಯನ್ನು ಊರು ಇಷ್ಟು ವರ್ಷ ವಿನಯ ಅಂತ ಹೊಗಳಿಕೊಂಡು ಬಂದಿತ್ತು.

ಆಪರೇಷನ್‌ಗೆ ಮುಂಚೆ ಡಾಕ್ಟರು ಬಿಡಿಸಿ ಹೇಳಿದರು: "ಮೊದಲು ಜೀವ. ಆಮೇಲೆ ಒಣಗಿದ ಕಿವಿ. ಕೇಳಿಸೋದು ಮೂರನೇದು, ಅದಕ್ಕೆ ನಾನು ಮಾತು ಕೊಡಲ್ಲ." ಆ ಮೂರನೇದರ ಮೇಲೇ ಮನೆಯವರೆಲ್ಲ ಆಸೆ ಇಟ್ಟುಕೊಂಡಿದ್ದರು. ನನಗೆ ಮಾತ್ರ ಡಾಕ್ಟರ ಆ ಮಾತಿನಿಂದಲೇ ಧೈರ್ಯ ಬಂದದ್ದು.

ಕಿವಿಯ ಹಿಂದೆ ಕೈಗೆ ಗಟ್ಟಿಯಾಗಿ ಸಿಗುವ ಉಬ್ಬು ಮಾಸ್ಟಾಯ್ಡ್ ಎಲುಬು. ಒಳಗೆ ಗಾಳಿ ತುಂಬಿದ ಗೂಡುಗಳು. ಅಲ್ಲಿ ಕೂದಲು ಬೋಳಿಸಿ, ಕೊಯ್ದು, ಮೈಕ್ರೋಸ್ಕೋಪ್ ಕೆಳಗೆ ಡ್ರಿಲ್ಲಿನಿಂದ ಎಲುಬು ಕೊರೆದು ರೋಗ ತೆಗೆಯುತ್ತಾರೆ. ಜರ್ಮನಿಯ ಶ್ವಾರ್ಟ್ಸೆ ಈ ಎಲುಬನ್ನು ತೆರೆದು ಕೀವು ತೆಗೆಯುವ ಕ್ರಮವನ್ನು ಬರೆದಿಟ್ಟದ್ದು 1873ರಲ್ಲಿ, ಅದೂ ಉಳಿ ಸುತ್ತಿಗೆಯ ಕಾಲ, ಪೆನಿಸಿಲಿನ್ ಇರಲಿಲ್ಲ. ತಮಟೆಗೆ ತೇಪೆ ಹಾಕಿ ಕೇಳುವಿಕೆಯನ್ನೂ ಸರಿಪಡಿಸುವ ಮಾತು ಬಂದದ್ದು 1950ರ ದಶಕದಲ್ಲಿ. ನನ್ನ ತೇಪೆ ನನ್ನದೇ ಕಣತಲೆಯ ಸ್ನಾಯುವಿನ ಮೇಲಿನ ತೆಳುಪೊರೆ. ಹೊರಗಿನ ಕಿವಿನಾಳದ ಹಿಂಗೋಡೆಯನ್ನು ತೆಗೆದು, ಎಲ್ಲವನ್ನೂ ಒಂದೇ ಗುಳಿ ಮಾಡಿದರು, ರೋಗ ಮತ್ತೆ ಬಂದರೆ ಕಣ್ಣಿಗೆ ಬೀಳಲಿ ಎಂದು. ಅಡಿಗಲ್ಲು ಕರಗಿಹೋಗಿತ್ತು.

ಎಚ್ಚರವಾದಾಗ ತಲೆಗೆ ದಪ್ಪ ಬ್ಯಾಂಡೇಜು. ಡಾಕ್ಟರು ಹೇಗಿದ್ದೀರಿ ಅಂತ ಕೇಳಲಿಲ್ಲ. "ಕಣ್ಣು ಗಟ್ಟಿಯಾಗಿ ಮುಚ್ಚಿ. ಈಗ ಹಲ್ಲು ತೋರಿಸಿ." ಮುಖದ ನರ ಕೊರೆದ ಜಾಗದಲ್ಲೇ ಹಾದುಹೋಗುವುದರಿಂದ ಅವರಿಗೆ ಮೊದಲು ಬೇಕಾದದ್ದು ನನ್ನ ನಗು. ಎರಡೂ ಕಡೆ ಸಮನಾಗಿ ಬಂತು. ಆದರೆ ಊಟದ ಹೊತ್ತಿಗೆ ಇನ್ನೊಂದು ಗೊತ್ತಾಯಿತು. ನಾಲಿಗೆಯ ಎಡಭಾಗಕ್ಕೆ ಸಾರು ತಗಡು ನೆಕ್ಕಿದ ಹಾಗೆ ಹತ್ತಿತು. ನಾಲಿಗೆಯ ಮುಂಭಾಗದ ರುಚಿಯ ನರ ನಡುಗಿವಿಯನ್ನು ದಾಟಿಕೊಂಡೇ ಹೋಗುತ್ತದಂತೆ. ಹುಣಿಸೆಹುಳಿ ನೆಟ್ಟಗಾಗಲು ತಿಂಗಳುಗಳೇ ಹಿಡಿದವು. ಅಷ್ಟು ದಿನ ಅಂಗಡಿಯ ಬೆಲ್ಲದ ರುಚಿ ನೋಡುವ ಕೆಲಸ ಯಜಮಾನರದಾಯಿತು.

ಜೋರಾಗಿ ಸಿಂಬಳ ತೆಗೆಯುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಬಿಡಬೇಕು, ಭಾರ ಎತ್ತುವಂತಿಲ್ಲ. ಇವೆಲ್ಲ ಕೆಲವು ವಾರಗಳ ಪಥ್ಯ. ಕೆಲವು ಪಥ್ಯಗಳು ಜೀವಮಾನದವು. ತಲೆಗೆ ನೀರು ಹಾಕಿಕೊಳ್ಳುವ ಮುಂಚೆ ವ್ಯಾಸಲೀನ್ ಸವರಿದ ಹತ್ತಿ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಅತ್ತೆಯವರು ನನ್ನ ಎಡಗಿವಿಯನ್ನು ತಮ್ಮ ಅಂಗೈಯಿಂದ ಮುಚ್ಚಿ ಹಿಡಿದೇ ನೀರು ಹೊಯ್ಯುತ್ತಾರೆ. ತಣ್ಣೀರೋ ಬಸ್ಸಿನ ಕಿಟಕಿಯ ಚಳಿಗಾಳಿಯೋ ಗುಳಿಗೆ ಹೊಕ್ಕರೆ ತಲೆ ತಿರುಗುತ್ತದೆ, ಏಕೆಂದರೆ ಸಮತೋಲದ ನಾಳಕ್ಕೂ ಹೊರಗಾಳಿಗೂ ಈಗ ಅಡ್ಡವಿರುವುದು ತೆಳು ಚರ್ಮ. ಮಾಮೂಲು ಕಿವಿ ತನ್ನ ಗುಗ್ಗೆಯನ್ನು ತಾನೇ ಹೊರಕ್ಕೆ ತಳ್ಳುತ್ತದೆ, ಈ ಗುಳಿಗೆ ಆ ಶಕ್ತಿಯಿಲ್ಲ. ಆದ್ದರಿಂದ ಕಾಲಕಾಲಕ್ಕೆ ಹೋಗಿ ಕ್ಲೀನ್ ಮಾಡಿಸಬೇಕು. ಸಣ್ಣ ಸಕ್ಷನ್ ಕೊಳವೆ ಒಳಗೆ ಹೋದಾಗ ತಲೆಯೊಳಗೇ ಲಾರಿ ಏರಿದಂಥ ಸದ್ದು. ಕಿವಿ ಕೇಳದವಳು ಅನ್ನಿಸಿಕೊಂಡವಳೇ ಅದನ್ನು ಅನುಭವಿಸಬೇಕು!

"ಆಪರೇಷನ್ ಆಯ್ತಲ್ಲ, ಈಗ ಕೇಳಿಸುತ್ತಾ?" ಅಂಗಡಿಗೆ ಬಂದವರೆಲ್ಲ ಕೇಳಿದ ಪ್ರಶ್ನೆ. ಇಲ್ಲ ಅಂದರೆ ಅವರ ಮುಖದಲ್ಲಿ ಡಾಕ್ಟರ ಬಗ್ಗೆ ಅನುಮಾನ. ಬಾಯಿ ಸೊಟ್ಟಗಾಗಲಿಲ್ಲ, ಮಿದುಳಿಗೆ ಕೀವು ಹೋಗಲಿಲ್ಲ, ದಿಂಬು ಒಣಗಿದೆ ಎಂದು ವಿವರಿಸಿದರೆ, "ಅದ್ಸರಿ, ಕೇಳ್ಸಲ್ವಲ್ಲ" ಅನ್ನುತ್ತಾರೆ.

ಕಿವಿ ಪೂರ್ತಿ ಒಣಗಿದ ಮೇಲೆ ರೈಲು ಹತ್ತಿ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸವನ್ನೇ ಮಾಡಿಕೊಂಡು ಬಂದಿದೆ. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಕೊನೆಗೆ ಕೊಟ್ಟ ಚೀಟಿಯಲ್ಲಿ ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಗುಣಾಕಾರದ ಗುರುತುಗಳು. ಗೆರೆ ಕೆಳಕ್ಕೆ ಇಳಿದಷ್ಟೂ ಕೇಳುವುದು ಕಮ್ಮಿ. ನನ್ನ ಎಡಗಿವಿ 55 ಡೆಸಿಬೆಲ್ ಆಸುಪಾಸು, ಅಂದರೆ ಎದುರು ಕೂತು ಮಾಮೂಲಾಗಿ ಆಡುವ ಮಾತು ಆ ಕಿವಿಗೆ ದಕ್ಕುವುದಿಲ್ಲ. ಕಿವಿ ಮಿಷನ್ ಕೊಟ್ಟರು. ಸೋರುವ ಕಿವಿಗೆ ಅಚ್ಚು ತುರುಕಿದರೆ ಗಾಳಿಯಾಡದೆ ಸೋರಿಕೆ ಹೆಚ್ಚುತ್ತದೆ. ಅಂಥವರಿಗೆ ಎಲುಬಿನ ಮೂಲಕ ಕೇಳಿಸುವ ಮಿಷನ್ ಬೇರೆ ಇದೆ. ನನ್ನದು ಒಣಗಿದ್ದರಿಂದ ಕಿವಿ ಹಿಂದೆ ಸಿಕ್ಕಿಸುವಂಥದ್ದೇ ಸಾಕಾಯಿತು. ಮೊದಲ ದಿನ ಅಂಗಡಿಯಲ್ಲಿ ಹಾಕಿಕೊಂಡು ಕೂತರೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದಿಗೆ ತಲೆ ಚಿಟ್ಟು ಹಿಡಿಯಿತು. ಮಿಷನ್‌ಗೆ ಮಾತು ಯಾವುದು, ಕವರು ಯಾವುದು ಎಂಬ ಭೇದ ಅಷ್ಟಾಗಿ ತಿಳಿಯದು. ಆ ವಿಂಗಡಣೆಯನ್ನು ಮಿದುಳು ನಿಧಾನವಾಗಿ ಮತ್ತೆ ಕಲಿಯಬೇಕು.

ಒಂದೇ ಕಿವಿಯವರಿಗೆ ಸದ್ದು ಕೇಳುತ್ತದೆ, ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಎರಡು ಕಿವಿಗೂ ಸದ್ದು ಮುಟ್ಟುವ ಹೊತ್ತಿನ, ಜೋರಿನ ಸಣ್ಣ ವ್ಯತ್ಯಾಸದಿಂದಲೇ ಮಿದುಳು ದಿಕ್ಕು ಹಿಡಿಯುವುದು. ಹಾಗಾಗಿ ಹಾರನ್ ಕೇಳಿದರೆ ನಾನು ರಸ್ತೆಯಲ್ಲಿ ನಿಂತುಬಿಡುತ್ತೇನೆ. ಅಂಗಡಿಯಲ್ಲಿ 'ಕಾಲು' 'ನಾಲ್ಕು' ಎರಡೂ ಒಂದೇ ಥರ ಕೇಳುವುದರಿಂದ ಬೆರಳು ತೋರಿಸಿ ಕೇಳುತ್ತೇನೆ. ಗಿರಾಕಿಗಳ ತುಟಿ ಓದುವುದು ಯಾವಾಗ ರೂಢಿಯಾಯಿತೋ ಗೊತ್ತಿಲ್ಲ, 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡು ಬಂದಾಗಲೇ ಅದರ ಮೇಲೆ ಎಷ್ಟು ನಿಂತಿದ್ದೆ ಎಂದು ತಿಳಿದದ್ದು. ಆಗ ಎಲ್ಲರ ಕೈಯಲ್ಲೂ ಚೀಟಿ ಬರೆಸಿದೆ. ಸರ್ಕಾರದ ಲೆಕ್ಕದಲ್ಲಿ ನನಗೆ ಊನವೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಿವಿ ಮಂದ ಎನ್ನಲು ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟ ಕೇಳುತ್ತದೆ. ಇದು ತಪ್ಪೆಂದು ನಾನು ವಾದ ಹೂಡಲಾರೆ, ನನಗಿಂತ ಕಷ್ಟದವರು ಆ ಸಾಲಿನಲ್ಲಿದ್ದಾರೆ. ಮದುವೆಮನೆಯಲ್ಲಿ ಎಲ್ಲರೂ ನಕ್ಕಾಗ ಏನಂತೆ ಅಂತ ಕೇಳಿದರೆ "ಏನಿಲ್ಲ ಬಿಡಿ" ಅನ್ನುವುದು ಮಾತ್ರ ಯಾವ ಡೆಸಿಬೆಲ್ಲಿಗೂ ಸಿಕ್ಕುವುದಿಲ್ಲ.

ಮೊನ್ನೆ ಕೋಟೆ ಕಡೆಯ ಹೆಂಗಸೊಬ್ಬರು ಬೆಳ್ಳುಳ್ಳಿ ಕೇಳಿದರು. ಒಗ್ಗರಣೆಗೆ ಎಷ್ಟು ಬೇಕೋ ಅಷ್ಟಲ್ಲ, ಎರಡೇ ಎಸಳು ಸಾಕು ಅಂದಾಗ ಅನುಮಾನ ಬಂತು. ಜೊತೆಗಿದ್ದ ಮಗಳ ಕಿವಿಯಲ್ಲಿ ಹತ್ತಿ. "ನೋವೇನಿಲ್ವಂತೆ ಅಕ್ಕ" ಎಂದರು. "ಅದಕ್ಕೇ ತಾಯಿ, ನಾಳೆನೇ ಕರ್ಕೊಂಡು ಹೋಗು" ಅಂದೆ. ಹೋಗಿದ್ದರು. ಚೀಟಿ ತಂದು ಗಲ್ಲಾದ ಮೇಲಿಟ್ಟರು, ಡಾಕ್ಟರು ಹೇಳಿದ್ದು ಗಡಿಬಿಡಿಯಲ್ಲಿ ತಲೆಗೆ ಹತ್ತಲಿಲ್ಲವಂತೆ. ನಡುವಿನ ತೂತು, ವಾಸನೆಯಿಲ್ಲ, ಈಗಲೇ ಆಪರೇಷನ್ ಬೇಡ, ನೀರು ಬೀಳದಂತೆ ಒಣಗಿಸಿ ನೋಡೋಣ ಎಂದಿದ್ದಾರೆ. ಕೆಂಪು ಸೊನ್ನೆಗಳು ಮೇಲಿದ್ದವು, ನೀಲಿ ಗುರುತುಗಳು 35ರ ಗೆರೆಯ ಹತ್ತಿರ. ಇದು ಎಡಗಿವಿ ಎಂದು ತೋರಿಸಿದೆ.

"ಮೇಷ್ಟ್ರು ಇವಳಿಗೆ ಪಾಠದ ಮೇಲೆ ಗಮನಾನೇ ಇಲ್ಲ ಅಂತಾರೆ" ಎಂದರು ಆಕೆ.

ಶಾಲೆಯಲ್ಲಿ ಎಲ್ಲಿ ಕೂರ್ತೀಯ ಎಂದು ಹುಡುಗಿಯನ್ನೇ ಕೇಳಿದೆ. ಬಲಗಡೆ ಗೋಡೆಗೆ ತಾಗಿದ ಕೊನೆಯ ಬೆಂಚು. ಮೇಷ್ಟರಿಗೆ ಕೊಡಲು ಬಿಲ್ಲಿನ ಹಿಂದೆ ಬರೆದುಕೊಟ್ಟೆ: ಮುಂದಿನ ಬೆಂಚು, ಎಡಗಿವಿ ಗೋಡೆಯ ಕಡೆಗೆ.