ಒಂದು ಕಾಲಕ್ಕೆ ಗುಜರಿ ಬೆಲೆ, ಇಂದು ನೂರಾರು ಕೋಟಿ

2022ರ ಮೇ 5ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಮರ್ಸಿಡಿಸ್ ಬೆಂಝ್ ಮ್ಯೂಸಿಯಂ ಒಳಗೆ ಒಂದು ಏಲಂ ನಡೆಯಿತು. ಕರೆದವರಿಗಷ್ಟೇ ಪ್ರವೇಶ. ಏಲಂಗೆ ಇಟ್ಟದ್ದು ಒಂದೇ ಒಂದು ಕಾರು, ಅದೂ 1955ರದ್ದು. ಹೆಸರು 300 ಎಸ್‌ಎಲ್‌ಆರ್ ಊಲನ್‌ಹೌಟ್ ಕೂಪೆ. ಕೊನೆಗೆ ನಿಂತ ಬೆಲೆ 135 ಮಿಲಿಯನ್ ಯುರೋ, ಅಂದಿನ ಲೆಕ್ಕದಲ್ಲಿ ಸುಮಾರು 1,100 ಕೋಟಿ ರೂಪಾಯಿ. ಏಲಂನಲ್ಲಿ ಒಂದು ಕಾರಿಗೆ ಅಷ್ಟು ಹಣ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಹಿಂದಿನ ದಾಖಲೆಯ ಎರಡೂವರೆ ಪಟ್ಟಿಗಿಂತಲೂ ಹೆಚ್ಚು.

ಇದೇನು ಹುಚ್ಚು ಅಂತ ಕೇಳುವವರು ಕೇಳಿಯೇ ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ಏಲಂ ನಮಗೆ ಹೊಸದಲ್ಲ. ದಕ್ಕೆಯಲ್ಲಿ ಬೆಳಿಗ್ಗೆ ಮೀನಿನ ಏಲಂ ಆಗುತ್ತದೆ. ಅಲ್ಲಿ ಬುಟ್ಟಿಯಲ್ಲಿ ಎಷ್ಟು ಮೀನು, ಇವತ್ತಿನ ದರ ಎಷ್ಟು ಎಂಬ ಲೆಕ್ಕ ಪಕ್ಕಾ. ಮಸೀದಿ ಅಂಗಳದಲ್ಲಿ ಆಗುವ ಏಲಂ ಬೇರೆ. ಪೇಟೆಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ಹಲಸಿನ ಹಣ್ಣು ಅಲ್ಲಿ ಎರಡು ಸಾವಿರಕ್ಕೆ ಹೋದರೂ ಯಾರಿಗೂ ಆಶ್ಚರ್ಯ ಇಲ್ಲ, ಯಾಕೆಂದರೆ ಕೂಗುವವನು ಬರೀ ಹಣ್ಣಿಗೆ ಕೂಗುವುದಲ್ಲ. ಹಳೇ ಸ್ಪೋರ್ಟ್ಸ್ ಕಾರುಗಳ ಏಲಂನಲ್ಲಿ ಈ ಎರಡೂ ಸೇರಿಕೊಂಡಿವೆ. ಲೆಕ್ಕವೂ ಇದೆ, ಲೆಕ್ಕ ಮೀರಿದ್ದೂ ಇದೆ. ಸ್ಟುಟ್‌ಗಾರ್ಟ್‌ನ ಆ ಹಣವನ್ನು ಮರ್ಸಿಡಿಸ್ ಕಂಪೆನಿ ಯುವಜನರ ವಿದ್ಯಾರ್ಥಿವೇತನದ ನಿಧಿಗೆ ಇಡುವುದಾಗಿ ಹೇಳಿತು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಆ ಕಾರಿನ ಹಿಂದೆ ಒಂದು ದುಃಖದ ಕಥೆ ಇದೆ. 1955ರ ಜೂನ್ 11ರಂದು ಫ್ರಾನ್ಸ್‌ನ ಲೆ ಮಾನ್ಸ್ ರೇಸ್‌ನಲ್ಲಿ ಮರ್ಸಿಡಿಸ್‌ನ ಒಂದು ರೇಸ್ ಕಾರು ಹಾರಿ ಜನರ ಮಧ್ಯೆ ಬಿತ್ತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಕೊನೆಗೆ ಕಂಪೆನಿ ರೇಸ್ ಬಿಟ್ಟಿತು. ಮುಂದಿನ ರೇಸ್‌ಗಳಿಗಾಗಿ ಮುಚ್ಚಿದ ಮಾಡಿನ ಎರಡು ಕಾರುಗಳು ತಯಾರಾಗಿದ್ದವು. ಅವು ಒಂದು ರೇಸ್ ಕೂಡ ಓಡಲಿಲ್ಲ. ಕಾರು ತಯಾರಿಸಿದ ತಂಡದ ಮುಖ್ಯಸ್ಥ ರೂಡಾಲ್ಫ್ ಊಲನ್‌ಹೌಟ್ ಅದರಲ್ಲಿ ಒಂದನ್ನು ರಸ್ತೆಗೆ ಇಳಿಸಿ, ತನ್ನ ಓಡಾಟಕ್ಕೆ ಇಟ್ಟುಕೊಂಡರು. ಗಂಟೆಗೆ 290 ಕಿಲೋಮೀಟರ್ ಹತ್ತಿರ ಓಡಬಲ್ಲ ರೇಸ್ ಕಾರು, ಆಫೀಸಿಗೆ ಹೋಗಿ ಬರಲಿಕ್ಕೆ! ಶಬ್ದ ವಿಪರೀತ ಆದ್ದರಿಂದ ಪೆಟ್ಟಿಗೆಯಷ್ಟು ದೊಡ್ಡ ಸೈಲೆನ್ಸರ್ ಒಂದನ್ನು ಪಕ್ಕಕ್ಕೆ ಕಟ್ಟಿಸಿದ್ದರು. ಲೋಕದಲ್ಲಿ ಇರುವುದೇ ಅಂಥ ಎರಡು ಕಾರು. ಒಂದು ಮಾರಿತು, ಇನ್ನೊಂದು ಕಂಪೆನಿಯ ಹತ್ತಿರವೇ ಇದೆ.

ಮರ್ಸಿಡಿಸ್‌ನದ್ದು ಕಂಪೆನಿಯ ಮನೆಯೊಳಗೇ ಇದ್ದ ಕಾರು. ಊರೂರು ಸುತ್ತಿ, ಕೈಯಿಂದ ಕೈಗೆ ಹೋಗಿ, ಬಿದ್ದು ಎದ್ದು ಬಂದ ಕಾರು ಅಂದರೆ ಇಟಲಿಯ ಫೆರಾರಿ 250 ಜಿಟಿಒ. 1962ರಿಂದ 1964ರ ಒಳಗೆ ತಯಾರಾದದ್ದು 36. ಮೂರು ಲೀಟರ್‌ನ ಹನ್ನೆರಡು ಸಿಲಿಂಡರ್ ಎಂಜಿನ್. ಅಲ್ಯೂಮಿನಿಯಂ ತಗಡನ್ನು ಸುತ್ತಿಗೆಯಲ್ಲಿ ಕೈಯಿಂದಲೇ ಬಡಿದು ಮಾಡಿದ ಮೈ, ಹಾಗಾಗಿ ಒಂದರ ಹಾಗೆ ಇನ್ನೊಂದಿಲ್ಲ. ಅಮೆರಿಕದಲ್ಲಿ ಹೊಸದಾಗಿದ್ದಾಗ ಬೆಲೆ ಸುಮಾರು 18,000 ಡಾಲರ್. ಹಣ ಇದ್ದರೆ ಸಾಲದು, ಮಾಲಕ ಎಂಝೋ ಫೆರಾರಿ ಅವರ ಒಪ್ಪಿಗೆಯೂ ಬೇಕಿತ್ತು.

ರೇಸ್ ಕಾರಿನ ಆಯುಷ್ಯ ಎಷ್ಟು? ಎರಡು ವರ್ಷ, ಮೂರು ವರ್ಷ. ಹೊಸ ಮಾಡೆಲ್ ಬಂದರೆ ಹಳೆಯದು ಮೂಲೆಗೆ. ಹೀಗೆ ಒಂದು ಜಿಟಿಒ ಅಮೆರಿಕದ ಟೆಕ್ಸಾಸ್‌ಗೆ ಹೋಯಿತು. ಅಲ್ಲಿನ ವಿಕ್ಟೋರಿಯಾ ಎಂಬ ಊರಿನ ಹೈಸ್ಕೂಲಿಗೆ ಅದರ ಮಾಲಕ ಅದನ್ನು ದಾನ ಮಾಡಿದ. ಯಾಕೆ? ಶಾಲೆಯಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುವ ಹುಡುಗರಿಗೆ ಬಿಚ್ಚಿ ಜೋಡಿಸಲು ಒಂದು ಎಂಜಿನ್ ಬೇಕಿತ್ತು! 1972ರಲ್ಲಿ ಶಾಲೆ ಅದನ್ನು 6,500 ಡಾಲರ್‌ಗೆ ಮಾರಿತು. ಅಂದಿನ ಐವತ್ತು ಸಾವಿರ ರೂಪಾಯಿ. ಕೊಂಡವನು ಅದನ್ನು ಓಹಾಯೋದಲ್ಲಿ ಮನೆ ಪಕ್ಕದ ಬಯಲಿನಲ್ಲಿ ಟ್ರೇಲರ್ ಮೇಲೆ ವರ್ಷಗಟ್ಟಲೆ ಬಿಟ್ಟಿದ್ದ. ಮಳೆ, ಬಿಸಿಲು, ಹಿಮ. ಗುಜರಿ ಅಂಗಡಿ ಕಂಡವರಿಗೆ ಆ ಚಿತ್ರ ಕಣ್ಣಿಗೆ ಕಟ್ಟೀತು. ಆ ಹುಡುಗರು ಈಗ ಎಪ್ಪತ್ತರ ಆಸುಪಾಸಿನ ಮುದುಕರು. ತಮ್ಮ ಸ್ಪ್ಯಾನರ್ ಆಡಿದ್ದು ಯಾವ ಎಂಜಿನ್ ಮೇಲೆ ಎಂದು ಅವರಿಗೆ ಆಗ ಯಾರು ಹೇಳಬೇಕಿತ್ತು?

ಇಟಲಿಯ ಫಾಬ್ರಿಝಿಯೋ ವಿಯೋಲಾಟಿ ಎಂಬವರದ್ದು ಇನ್ನೊಂದು ಬಗೆ. 1965ರಲ್ಲಿ, ಯಾರಿಗೂ ಬೇಡವಾಗಿದ್ದ ಒಂದು ಜಿಟಿಒ ಅವರ ಕೈಗೆ ಬಂತು. ಅದೇ ಕಾರಿನಲ್ಲಿ 1962ರಲ್ಲಿ ಫ್ರಾನ್ಸ್‌ನ ಒಲಿಂಪಿಕ್ಸ್ ಸ್ಕೀಯಿಂಗ್ ಚಾಂಪಿಯನ್ ಆನ್ರಿ ಒರೆಯೆ ಅಪಘಾತದಲ್ಲಿ ತೀರಿಕೊಂಡಿದ್ದರು. ಅಂಥ ಕಾರು ಬೇಡ ಅಂತ ಮನೆಯವರು ಹೇಳುತ್ತಾರೆಂದು ತಾಯಿ ತಂದೆಯ ಕಣ್ಣು ತಪ್ಪಿಸಿ ಬಚ್ಚಿಟ್ಟು, ರಾತ್ರಿ ಹೊತ್ತು ಮಾತ್ರ ಓಡಿಸುತ್ತಿದ್ದರಂತೆ. 2010ರಲ್ಲಿ ತಾವು ತೀರಿಹೋಗುವವರೆಗೆ, 45 ವರ್ಷ, ಅದನ್ನು ಬಿಡಲಿಲ್ಲ. 2014ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾನ್‌ಹ್ಯಾಮ್ಸ್ ಸಂಸ್ಥೆಯ ಏಲಂನಲ್ಲಿ ಅದಕ್ಕೆ ಬಂದದ್ದು 38.1 ಮಿಲಿಯನ್ ಡಾಲರ್.

ಇಂಗ್ಲೆಂಡ್‌ನ ಪಿಂಕ್ ಫ್ಲಾಯ್ಡ್ ತಂಡದಲ್ಲಿ ಡ್ರಮ್ ಬಾರಿಸುವ ನಿಕ್ ಮೇಸನ್ 1977ರಲ್ಲಿ ಒಂದು ಜಿಟಿಒ ಕೊಂಡರು. ಕೊಟ್ಟದ್ದು ಸುಮಾರು 35,000 ಪೌಂಡ್. ಅದರಲ್ಲಿ ರೇಸ್‌ಗೂ ಹೋದರು, ಮಕ್ಕಳನ್ನು ಶಾಲೆಗೂ ಬಿಟ್ಟು ಬಂದರು. ನನಗೆ ಈ ಎಲ್ಲ ಕೋಟಿಗಳಿಗಿಂತ ಹೆಚ್ಚು ಹಿಡಿಸಿದ್ದು ಇದು. ಟಿಫಿನ್ ಬಾಕ್ಸ್ ಮರೆತು ಬಂದಿದ್ದಕ್ಕೆ ಫೆರಾರಿಯಲ್ಲಿ ಬೈಸಿಕೊಂಡ ಮಕ್ಕಳೂ ಇದ್ದಾರು ಅಲ್ವಾ?

ಬೆಲೆ ಯಾವತ್ತೂ ಏರುತ್ತಲೇ ಇತ್ತು ಎಂದು ಯಾರೂ ತಿಳಿಯಬಾರದು. 1988ರಲ್ಲಿ ಎಂಝೋ ಫೆರಾರಿ ತೀರಿಕೊಂಡ ಮೇಲೆ ಫೆರಾರಿ ಕಾರುಗಳಿಗೆ ಜನ ಮುಗಿಬಿದ್ದರು. 1989–90ರ ಹೊತ್ತಿಗೆ ಜಿಟಿಒ ಬೆಲೆ ಒಂದು ಕೋಟಿ ಡಾಲರ್ ದಾಟಿತು. ಕಾರು ಪ್ರೀತಿಸುವವರಲ್ಲ, ಆರು ತಿಂಗಳಲ್ಲಿ ಮಾರಿ ಲಾಭ ಮಾಡೋಣ ಎಂದವರು, ಸಾಲ ತೆಗೆದು ಕೊಂಡವರು ಆಗ ಬಹಳ. 90ರ ದಶಕದ ಮಧ್ಯಕ್ಕೆ ಅದೇ ಕಾರು ಮೂರು ನಾಲ್ಕು ಮಿಲಿಯನ್‌ಗೆ ಇಳಿಯಿತು. ಜಾಗದ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಏರಿದ್ದು ನಿಧಾನಕ್ಕೆ. 2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಆರ್‌ಎಂ ಸೋದೆಬೀಸ್ ಸಂಸ್ಥೆ ಒಂದು ಜಿಟಿಒ ಮಾರಿತು. ಸುತ್ತಿಗೆ ಬಿದ್ದದ್ದು 44 ಮಿಲಿಯನ್ ಡಾಲರ್‌ಗೆ. ಆದರೆ ಪೇಪರಿನಲ್ಲಿ ಬಂದ ಬೆಲೆ 48.4 ಮಿಲಿಯನ್. ಈ ವ್ಯತ್ಯಾಸ ತಿಳಿದಿರಬೇಕು. ಕೂಗಿದ ಬೆಲೆಯ ಮೇಲೆ ಕೊಳ್ಳುವವನು ಏಲಂ ಸಂಸ್ಥೆಗೆ ಸುಮಾರು ಶೇಕಡಾ 10 ಕಮಿಷನ್ ಬೇರೆಯೇ ಕೊಡಬೇಕು. ಆ ಒಂದು ಕಾರಿನ ಕಮಿಷನ್ನೇ ಮೂವತ್ತು ಕೋಟಿ ರೂಪಾಯಿ. ಮಾರುವವನು ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮೊದಲೇ ಗುಟ್ಟಾಗಿ ಒಂದು ಬೆಲೆ ಗೊತ್ತು ಮಾಡಿಡುತ್ತಾನೆ. ಅಲ್ಲಿಗೆ ಮುಟ್ಟದಿದ್ದರೆ ಎಷ್ಟು ಕೂಗಾಟ ನಡೆದರೂ ಕಾರು ವಾಪಸ್. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಜಿಟಿಒ 51.7 ಮಿಲಿಯನ್‌ಗೆ ಹೋಯಿತು, ಸುಮಾರು 430 ಕೋಟಿ ರೂಪಾಯಿ.

ಇಷ್ಟು ಹಣ ಕೊಡುವವನು ನೋಡುವುದು ಹೊಳಪನ್ನಲ್ಲ, ದಾಖಲೆಯನ್ನು. ಹೊಳಪು ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ. ಚಾಸಿಸ್ ನಂಬರ್ ಸರಿಯೇ, ಎಂಜಿನ್ ಮೊದಲಿನದ್ದೇ, ಯಾವ ರೇಸ್‌ನಲ್ಲಿ ಯಾರು ಓಡಿಸಿದರು, ಯಾರು ಯಾರಿಗೆ ಮಾರಿದರು, ಹಳೇ ಬಿಲ್ಲು, ಫೋಟೋ, ಪತ್ರ. ಆರ್‌ಸಿ ಬುಕ್ಕಿನಲ್ಲಿ ಒಂದು ಹೆಸರು ಆಚೀಚೆ ಆದರೆ ನಮ್ಮ ಮಾರುತಿಗೂ ಬೆಲೆ ಇಳಿಯುತ್ತದಲ್ಲ, ಹಾಗೇ. ಅಗ್ಗದ ಫೆರಾರಿಯ ಮೈ ಬಿಚ್ಚಿ ಜಿಟಿಒ ಮೈ ಹೊದಿಸಿದ ನಕಲಿಗಳೂ ಇರುವುದರಿಂದ ಈ ಪರೀಕ್ಷೆ ಬಹಳ ಕಟ್ಟುನಿಟ್ಟು.

ದಾಖಲೆ ಗಟ್ಟಿ ಇದ್ದರೆ ಧೂಳಿಗೂ ಬೆಲೆ. ಪಶ್ಚಿಮ ಫ್ರಾನ್ಸ್‌ನಲ್ಲಿ ರೊಜೆ ಬಯೋನ್ ಎಂಬ ಲಾರಿ ಸಾಗಾಟದ ಉದ್ಯಮಿ ಇದ್ದರು. ಮ್ಯೂಸಿಯಂ ಮಾಡಬೇಕೆಂಬ ಆಸೆಯಿಂದ 1950ರ ದಶಕದಿಂದ ಹಳೇ ಕಾರು ಒಟ್ಟು ಮಾಡುತ್ತಾ ಹೋದರು. 70ರ ದಶಕದಲ್ಲಿ ವ್ಯಾಪಾರ ಬಿತ್ತು. ಸಾಲಕ್ಕೆ ಸುಮಾರು ಐವತ್ತು ಕಾರು ಮಾರಿ ಹೋಯಿತು. ಉಳಿದವು ತಗಡಿನ ಮಾಡಿನ ಕೆಳಗೆ ನಿಂತಲ್ಲೇ ನಿಂತವು. ತುಕ್ಕು ಹಿಡಿಯಿತು, ಬಳ್ಳಿ ಹಬ್ಬಿತು. ಕೊನೆಗೆ ಮೊಮ್ಮಕ್ಕಳ ಕಾಲಕ್ಕೆ ಏಲಂ ಸಂಸ್ಥೆಯವರು ಬಂದು ನೋಡಿದರೆ, ಹಳೇ ಮ್ಯಾಗಝಿನ್‌ಗಳ ರಾಶಿಯ ಕೆಳಗೆ ಒಂದು ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್! ನಟ ಅಲೆನ್ ದೆಲೊನ್ ಒಂದು ಕಾಲಕ್ಕೆ ಇಟ್ಟುಕೊಂಡಿದ್ದ ಕಾರು. 2015ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಏಲಂನಲ್ಲಿ ಧೂಳು ಒರೆಸದೆಯೇ ಅದನ್ನು ಇಟ್ಟರು. 16.3 ಮಿಲಿಯನ್ ಯುರೋ, ಸುಮಾರು 115 ಕೋಟಿ ರೂಪಾಯಿ ಬಂತು. 59 ಕಾರುಗಳಿಂದ ಒಟ್ಟು ಬಂದದ್ದು 25 ಮಿಲಿಯನ್ ಯುರೋ ಹತ್ತಿರ. ಅಜ್ಜ ಅದರಲ್ಲಿ ಒಂದು ಯುರೋ ನೋಡಲಿಲ್ಲ.

ಗಲ್ಫಿನಲ್ಲಿರುವ ನಮ್ಮವರಿಗೂ ಇದು ದೂರದ ಮಾತಲ್ಲ. 2019ರ ನವೆಂಬರ್ 30ರಂದು ಅಬುಧಾಬಿಯ ಯಾಸ್ ಮರೀನಾದಲ್ಲಿ ನಡೆದ ಏಲಂನಲ್ಲಿ ಮೈಕೆಲ್ ಶುಮಾಕರ್ ಓಡಿಸಿದ್ದ ಫೆರಾರಿ ಎಫ್2002 ರೇಸ್ ಕಾರು 6.6 ಮಿಲಿಯನ್ ಡಾಲರ್‌ಗೆ ಮಾರಿತು. ಶಾರ್ಜಾದಲ್ಲಿ ಹಳೇ ಕಾರುಗಳ ಮ್ಯೂಸಿಯಂ ಇದೆ. ರಜೆ ದಿನ ಮಕ್ಕಳನ್ನು ಮಾಲ್‌ಗೇ ಕರಕೊಂಡು ಹೋಗಬೇಕೆಂದಿಲ್ಲ. ಊರಲ್ಲಿರುವವರಿಗೆ ಧರ್ಮಸ್ಥಳದ ಕಾರು ಸಂಗ್ರಹ ಇದ್ದೇ ಇದೆ.

ಕೊನೆಗೆ ಒಂದು ಹಸಿರು ಕಾರಿನ ವಿಷಯ. ಇದು ಫೆರಾರಿಯಲ್ಲ, ಅಮೆರಿಕದ ಫೋರ್ಡ್ ಮಸ್ಟಾಂಗ್. ಲಕ್ಷಗಟ್ಟಲೆ ತಯಾರಾದ ಕಾರು, ಅಪರೂಪ ಹೇಗೆ ಅಂತ ತಕರಾರು ಮಾಡುವವರು ಮಾಡಲಿ. 1968ರ ‘ಬುಲಿಟ್’ ಸಿನೆಮಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಏರು ತಗ್ಗಿನ ರಸ್ತೆಗಳಲ್ಲಿ ನಟ ಸ್ಟೀವ್ ಮೆಕ್ವೀನ್ ಓಡಿಸಿದ ಕಾರು ಇದು. ಸಿನೆಮಾ ಮುಗಿದ ಮೇಲೆ ಇಬ್ಬರ ಕೈ ದಾಟಿ, 1974ರಲ್ಲಿ ನ್ಯೂಜೆರ್ಸಿಯ ಒಬ್ಬ ವಿಮಾ ಕಂಪೆನಿ ಅಧಿಕಾರಿಗೆ 6,000 ಡಾಲರ್‌ಗೆ ಸಿಕ್ಕಿತು. ಮನೆಗೆ ಒಂದು ಕಾರು ಬೇಕಿತ್ತು, ಕೊಂಡರು, ಅಷ್ಟೆ. ಅವರ ಹೆಂಡತಿ ಶಾಲೆಯಲ್ಲಿ ಟೀಚರ್. ದಿನಾ ಅದರಲ್ಲೇ ಶಾಲೆಗೆ ಹೋಗಿ ಬರುತ್ತಿದ್ದರು.

1977ರಲ್ಲಿ ಮನೆಗೆ ಒಂದು ಪತ್ರ ಬಂತು. ಬರೆದದ್ದು ಸ್ಟೀವ್ ಮೆಕ್ವೀನ್. ಆ ಕಾರಿನ ಮೇಲೆ ತನಗೆ ಆಸೆ ಇದೆ, ಮಿತಿಯಲ್ಲಿದ್ದರೆ ಹಣ ಕೊಡುತ್ತೇನೆ, ವಾಪಸ್ ಕೊಡುತ್ತೀರಾ ಎಂದು ವಿಚಾರಿಸಿದ್ದರು. ಆ ಕಾಲಕ್ಕೆ ಲೋಕದಲ್ಲೇ ದೊಡ್ಡ ಹೆಸರಿನ ನಟ. ಮನೆಯವರು ಕೊಡಲಿಲ್ಲ. ಪತ್ರವನ್ನು ಮಾತ್ರ ಜೋಪಾನವಾಗಿ ತೆಗೆದಿಟ್ಟರು. 1980ರಲ್ಲಿ ಕ್ಲಚ್ ಹೋಯಿತು, ಕಾರು ನಿಂತಿತು. ಅದೇ ವರ್ಷ ಮೆಕ್ವೀನ್ ಕೂಡ ತೀರಿಕೊಂಡರು.

ಮತ್ತೆ ಮೂವತ್ತಕ್ಕೂ ಹೆಚ್ಚು ವರ್ಷ ಆ ಕಾರು ಎಲ್ಲಿದೆ ಎಂದು ಹೊರಗಿನವರಿಗೆ ಗೊತ್ತಿರಲಿಲ್ಲ. ಹುಡುಕಿದವರು ಬಹಳ, ಬೆಲೆ ಹೇಳಿದವರೂ ಇದ್ದರು. ತಂದೆ ಮಗ ಸೇರಿ ರಿಪೇರಿ ಮಾಡೋಣ ಎಂದು ಶುರು ಮಾಡಿದರು. ಅಷ್ಟರಲ್ಲಿ ತಂದೆಗೆ ಪಾರ್ಕಿನ್‌ಸನ್ ಕಾಯಿಲೆ ಬಂತು, ಕೈ ನಡುಗತೊಡಗಿತು, ಕೆಲಸ ಅರ್ಧಕ್ಕೇ ನಿಂತಿತು. 2014ರಲ್ಲಿ ಅವರು ತೀರಿಹೋದ ಮೇಲೆ ಮಗ ಕಾರನ್ನು ಓಡುವ ಸ್ಥಿತಿಗೆ ತಂದ. ಪೇಂಟ್ ಮಾಡಿಸಲಿಲ್ಲ. ಮಾಸಿದ ಹಸಿರು, ತುಕ್ಕಿನ ಕಲೆ, ಸಿನೆಮಾದವರು ಕ್ಯಾಮೆರಾ ಕಟ್ಟಲು ಅಡಿಗೆ ವೆಲ್ಡಿಂಗ್ ಮಾಡಿದ್ದ ಕಬ್ಬಿಣದ ತುಂಡುಗಳು, ಎಲ್ಲವೂ ಇದ್ದ ಹಾಗೇ. 2018ರ ಜನವರಿಯಲ್ಲಿ ಡೆಟ್ರಾಯಿಟ್ ಕಾರು ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದರು. ಇದು ಅದೇ ಕಾರು ಎಂಬುದಕ್ಕೆ ಚಾಸಿಸ್ ನಂಬರ್ ಇತ್ತು, ಮೆಕ್ವೀನ್ ಬರೆದ ಪತ್ರವೂ ಇತ್ತು.

2020ರ ಜನವರಿಯಲ್ಲಿ ಫ್ಲೋರಿಡಾದ ಕಿಸಿಮಿಯಲ್ಲಿ ಮೆಕಮ್ ಸಂಸ್ಥೆಯ ಏಲಂಗೆ ಅದನ್ನು ಇಟ್ಟರು. ಸುತ್ತಿಗೆ ಬಿದ್ದದ್ದು 3.4 ಮಿಲಿಯನ್ ಡಾಲರ್‌ಗೆ, ಕಮಿಷನ್ ಸೇರಿ 3.74 ಮಿಲಿಯನ್. ಸುಮಾರು 26 ಕೋಟಿ ರೂಪಾಯಿ. ಟೀಚರಮ್ಮ ದಿನಾ ಶಾಲೆಯ ಎದುರು ನಿಲ್ಲಿಸಿ ಪಾಠಕ್ಕೆ ಹೋಗುತ್ತಿದ್ದ ಕಾರು ಅದು.